ಐಸಿನ ಮೇಲಿನ ಗೋಣಿಚೀಲ

ನಾನು ಒಂದು ಗೋಣಿಚೀಲ. ದೂರದ ಬಂಗಾಳದ ಗಿರಣಿಯೊಂದರಲ್ಲಿ ಸೆಣಬಿನ ನಾರಿನಿಂದ ನನ್ನನ್ನು ನೇಯ್ದರು. ಮೊದಲು ನನ್ನೊಳಗೆ ತುಂಬಿದ್ದು ಸಿಂಧನೂರಿನ ಅಕ್ಕಿ. ಅದು ಖಾಲಿಯಾದ ಮೇಲೆ ರಾಯಚೂರಿನ ಕಿರಾಣಿ ಅಂಗಡಿಯವರು ನನ್ನನ್ನು ಕೊಡವಿ, ಎದುರಿಗೆ ಕಬ್ಬಿನ ಹಾಲು ಮಾರುವ ಇಮಾಮ್ ಸಾಬರಿಗೆ ಕೊಟ್ಟರು.

ಸಾಬರು ದಿನಾ ಐಸಿನ ಗಡ್ಡೆ ತರಿಸಿ, ನನ್ನನ್ನು ನೆನೆಸಿ ಅದಕ್ಕೆ ಹೊದಿಸುತ್ತಿದ್ದರು. ಆ ಊರಿನ ಬಿಸಿಲಿಗೆ ನನ್ನಷ್ಟು ತಂಪಾಗಿದ್ದವರು ಯಾರೂ ಇರಲಿಕ್ಕಿಲ್ಲ.

ಪಕ್ಕದಲ್ಲಿ ಗೌರಬಾಯಿ ಹೂ ಮಾರುತ್ತಿದ್ದಳು. ಮನೆಯಲ್ಲಿ ಅವಳಿಗೆ ಇದ್ದದ್ದು ಮೊಂಡು ಬಾಲದ ನಾಯಿ ಚಿಂಗಿ ಒಂದೇ.

“ಗೌರಕ್ಕಾ, ನಿನ್ನ ಮಗಳು ನನ್ನ ಗಿರಾಕಿಗಿಂತ ಜಾಸ್ತಿ ಐಸ್ ತಿಂತಾಳ ನೋಡು,” ಎನ್ನುತ್ತಿದ್ದರು ಸಾಬರು, ಚಿಂಗಿಯನ್ನು ತೋರಿಸಿ.

“ಗಿರಾಕಿ ಎಲ್ಲಿ ಅದಾರ ಸಾಬ್ರ? ನನಗಂತೂ ಕಾಣವಲ್ಲರು,” ಎನ್ನುತ್ತಿದ್ದಳು ಅವಳು. ಅವಳು ಹಾಗೆ ಛೇಡಿಸಿದರೂ ಸಾಬರು ಚಿಂಗಿಗೆ ಐಸಿನ ಚೂರು ಹಾಕುವುದನ್ನು ಬಿಡಲಿಲ್ಲ.

ಒಂದು ಮೇ ತಿಂಗಳು. ಮದುವೆ ಮನೆಗೆ ಹಾರ ಕೊಡಲು ಹೊರಟ ಗೌರಬಾಯಿ, ಹಿಂದೆ ಬರಬಾರದೆಂದು ಚಿಂಗಿಯನ್ನು ಸಾಬರ ಅಂಗಡಿಯ ಹಿಂದಿನ ಕಂಬಕ್ಕೆ ಸರಪಳಿಯಿಂದ ಕಟ್ಟಿದಳು. ಆಗ ಅಲ್ಲಿ ನೆರಳಿತ್ತು. ತಿರುಗಿ ಬರುವಷ್ಟರಲ್ಲಿ ನೆರಳು ಗೋಡೆಯಾಚೆ ಸರಿದಿತ್ತು. ಚಿಂಗಿ ಮಣ್ಣಿನ ಮೇಲೆ ಅಡ್ಡ ಬಿದ್ದು, ನಾಲಿಗೆ ಹೊರಚಾಚಿ, ಒಂದೇ ಸಮನೆ ಏದುತ್ತಿತ್ತು. ಹೆಸರು ಹಿಡಿದು ಕರೆದರೂ ತಲೆ ಎತ್ತಲಿಲ್ಲ.

“ಸಾಬ್ರ, ಓಡಿ ಬರ್ರಿ!”

ಅವರು ಅದನ್ನು ನೆರಳಿಗೆ ಎತ್ತಿ ತಂದರು. ಗೌರಬಾಯಿ ಹೂವು ಬಾಡದಿರಲು ಒದ್ದೆ ಬಟ್ಟೆ ಮುಚ್ಚುವವಳು. ಸಾಬರು ಐಸು ಕರಗದಿರಲು ನನ್ನನ್ನು ಮುಚ್ಚುವವರು. ಇಬ್ಬರಿಗೂ ಹೊಳೆದದ್ದು ಒಂದೇ ಉಪಾಯ. ನನ್ನನ್ನು ನೆನೆಸಿ ಚಿಂಗಿಯ ಮೇಲೆ ಹೊದಿಸಿದರು.

ಸ್ವಲ್ಪ ಹೊತ್ತಿಗೇ ನನ್ನ ತಂಪು ಹೋಯಿತು. ಕೆಳಗಿನ ಮೈಯಿಂದ ಝಳ ಏಳುತ್ತಿತ್ತು. ಹೊರಗೆ ಹೋಗಲು ಅದಕ್ಕೆ ದಾರಿ ಇರಲಿಲ್ಲ. ಅಡ್ಡವಾಗಿದ್ದದ್ದು ನಾನೇ.

ಗೌರಬಾಯಿ ನನ್ನ ಅಡಿಗೆ ಕೈ ತೂರಿಸಿದಳು. “ಅಯ್ಯ, ಒಳಗ ರೊಟ್ಟಿ ಹಂಚಿನಂಗ ಕಾದದಲ್ರೀ!”

ಸಾಬರು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಹಣೆ ಬಡಿದುಕೊಂಡರು. “ತೆಗಿಯಕ್ಕ, ತೆಗಿ! ಐಸಿಗೆ ಯಾಕ ಮುಚ್ತೀನಿ ನಾನು? ಒಳಗಿನ ತಂಪು ಒಳಗ ಇರ್ಲಿ, ಹೊರಗಿನ ಬಿಸಿ ಹೊರಗ ಇರ್ಲಿ ಅಂತ. ಇದರ ಬಿಸಿ ಒಳಗದ!”

ನನ್ನನ್ನು ಎಳೆದು ಕೆಳಗೆ ಹಾಸಿದರು. ಸಾಬರು ಕೊಡದ ನೀರನ್ನು ಹೊಟ್ಟೆಗೆ, ತೊಡೆಯ ಸಂದಿಗೆ, ಪಾದಗಳಿಗೆ ಸುರಿದರು. ಗೌರಬಾಯಿ ಹೂವಿನ ಬುಟ್ಟಿಯ ಮುಚ್ಚಳದಿಂದ ಗಾಳಿ ಬೀಸಿದಳು. ಕಬ್ಬಿನ ಹಾಲಿಗೆ ಬಂದಿದ್ದ ಆಟೋದವನು ಲೋಟ ಕೆಳಗಿಟ್ಟು, “ದನದ ದವಾಖಾನಿಗೆ ಹೋಗೋಣ, ಹತ್ತಕ್ಕ,” ಎಂದ. ನನ್ನ ಸಮೇತ ಚಿಂಗಿಯನ್ನು ಆಟೋದೊಳಗೆ ಎತ್ತಿಟ್ಟರು. ದಾರಿಯುದ್ದಕ್ಕೂ ಗೌರಬಾಯಿ ನೀರು ಚಿಮುಕಿಸುತ್ತ ಇದ್ದಳು. ಡಾಕ್ಟರು ಸಲೈನ್ ಹಚ್ಚಿದರು.

ಮರುದಿನ ಸಂಜೆ ಚಿಂಗಿ ಎದ್ದು ನಿಂತಿತು.

ಸಾಬರು ನನ್ನನ್ನು ವಾಪಸು ತೆಗೆದುಕೊಳ್ಳಲಿಲ್ಲ. “ನಾಯಿ ಕೂದಲದ ಐಸ್ ಯಾರು ಕುಡೀತಾರ? ಇಟ್ಕೋ ಅಕ್ಕ, ನಿನ್ನ ಮಗಳಿಗೆ ಉಡುಗೊರಿ,” ಎಂದರು.

ಈಗ ನನ್ನ ಅಂಚು ಹರಿದಿದೆ. ನಡುವೆ ತೂತು ಬಿದ್ದಿದೆ. ಒಳ್ಳೆಯ ಮನಸ್ಸಿನಿಂದ ಮುಚ್ಚಿದ್ದೂ ಉಸಿರು ಕಟ್ಟಿಸಬಲ್ಲದು ಎಂದು ಬಲ್ಲ ನನಗೆ, ಚಿಂಗಿಯ ಕೆಳಗೆ ಹಾಸಿಗೆಯಾಗಿ ಬಿದ್ದಿರುವುದು ಅವಮಾನವೆನಿಸುವುದಿಲ್ಲ. ಗೌರಬಾಯಿ ಸರಪಳಿಯನ್ನು ಗುಜರಿಗೆ ಹಾಕಿದ್ದಾಳೆ. ಮಧ್ಯಾಹ್ನ ನೆರಳು ಸರಿದಂತೆಲ್ಲ ಚಿಂಗಿ ತಾನೇ ಎದ್ದು ನೆರಳಿದ್ದಲ್ಲಿಗೆ ಹೋಗುತ್ತದೆ. ಗೌರಬಾಯಿ ಕಟ್ಟುತ್ತಿದ್ದ ಮಾಲೆಯನ್ನು ಮಡಿಲಿನಿಂದ ಕೆಳಗಿಟ್ಟು, ನನ್ನನ್ನು ಎಳೆದುಕೊಂಡು ಅದರ ಹಿಂದೆ ಹೋಗುತ್ತಾಳೆ.