ತಳದ ಗೆರೆ

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಮೇಘಾ, ಚೀನಾದ ಗಿರಾಕಿಗಳಿಗೆ ಅವರದೇ ಅಕ್ಷರದಲ್ಲಿ ಕಾಗದ ಬರೆದು ಬೆರಗುಗೊಳಿಸುತ್ತೇನೆಂದು ಪುಸ್ತಕ ತರಿಸಿಕೊಂಡಿದ್ದಳು. ‘ದೇಶ’ ಎಂಬ ಅಕ್ಷರಕ್ಕೆ ಬರುವಷ್ಟರಲ್ಲಿ ಸಾಕುಬೇಕಾಯಿತು. ಅದೊಂದು ಚೌಕ, ಅದರೊಳಗೆ ಒಂದಿಷ್ಟು ಗೆರೆ. ಅವಳು ಚೌಕ ಮುಗಿಸಿಯೇ ಒಳಗೆ ಕೈಹಾಕುತ್ತಿದ್ದಳು. ಪುಸ್ತಕವೋ, ಒಳಗಿನದನ್ನೆಲ್ಲ ಬರೆದು ಚೌಕದ ತಳದ ಗೆರೆಯನ್ನು ಕಟ್ಟಕಡೆಗೆ ಎಳೆ ಎನ್ನುತ್ತಿತ್ತು.

“ಕಾಣೂದು ಅದ ಆಕಾರ ಅಲ್ಲೇನ? ಯಾವ ಗೆರಿ ಮೊದಲಾದ್ರೇನು!” ಎಂದು ಪೆನ್ನು ಎಸೆದಳು.

ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊಲಿದಿದ್ದ ಅವ್ವ ಹೊಳಿಯವ್ವ ಎದುರಿಗೆ ಕೂತಿದ್ದಳು. ಅಕ್ಷರ ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು. ತಳದ ಗೆರೆಯೇ ಮೇಲೆ. ಅವಳು ಹಣೆ ಚಚ್ಚಿಕೊಂಡಳು.

“ಕಾಯಿ ತುಂಬೂಕಿಂತ ಮೊದಲ ಯಾರರ ಚೀಲದ ಬಾಯಿ ಹೊಲೀತಾರೇನ? ಚೀನಾದವರಿಗೆ ಗೊತ್ತೈತಿ, ಬ್ಯಾಡಗ್ಯಾಗ ಹುಟ್ಟಿದಾಕಿಗೆ ಗೊತ್ತಿಲ್ಲ!”