ಅಕ್ಕೋರು ಬರುವ ತನಕ

ಗಾಡಿಯ ಕಿಟಕಿಯಾಚೆ ನೀಲಿ ತಾಡಪತ್ರಿ ಗಾಳಿಗೆ ಉಬ್ಬುತ್ತದೆ, ಮತ್ತೆ ಗುಡಿಸಲಿನ ಮೇಲೆ ಅಂಟಿಕೊಳ್ಳುತ್ತದೆ, ಉಬ್ಬುತ್ತದೆ, ಅಂಟಿಕೊಳ್ಳುತ್ತದೆ, ಮಲಗಿದವರ ಹೊಟ್ಟೆಯ ಹಾಗೆ — ಅಣ್ಣನ ಹೊಟ್ಟೆ ಈಗ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ, ಬೆಳಿಗ್ಗೆ ಚಹಾ ಕುಡಿದು ಕಪ್ಪು ಕೆಳಗಿಟ್ಟವನು ಹಾಗೇ ಗೋಡೆಗೆ ಒರಗಿದನಂತೆ, ಅತ್ತಿಗೆ ರುದ್ರವ್ವ ನಿದ್ದೆ ಹತ್ತಿತೆಂದು ಚಾದರ ಹೊದಿಸಿದಳಂತೆ, ಎಲ್ಲ ಅಂತೆ, ಎಲ್ಲ ಫೋನಿನಲ್ಲಿ ಕೇಳಿದ್ದು, ನಾನು ದಿಲ್ಲಿಯಲ್ಲಿದ್ದೆ, ಫೋನು ಬಂದಾಗ ಸಂಸತ್ತಿನ ಮೊಗಸಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೈಮುಗಿಯುತ್ತ ನಿಂತಿದ್ದೆ. ವಿಮಾನ ಇಳಿದು ಕುರ್ಲಾದ ದಾರಿ ಹಿಡಿದಿದ್ದೇವೆ, ಮುಂದೆ ಪೊಲೀಸರ ಗಾಡಿ ಬಾಯಿ ಬಡಿದುಕೊಳ್ಳುತ್ತಿದೆ, ರಿಕ್ಷಾಗಳು ಸರಿಯುತ್ತಿಲ್ಲ, ಸರಿಯಲು ಅವಕ್ಕಾದರೂ ಜಾಗವೆಲ್ಲಿದೆ — ಅಕ್ಕೋರ, ನೀವು ಬರೂತನಾ ಎತ್ತಂಗಿಲ್ರಿ, ಗಡಬಡಿ ಮಾಡಬ್ಯಾಡ್ರಿ, ಕುಂಡ್ರಿಸೇವಿ, ಅಂದ ಶರಣಬಸಪ್ಪ ಫೋನಿನಲ್ಲಿ, ಒಂದು ಕಾಲಕ್ಕೆ ನಾನು ಟೀಚರಾಗಿದ್ದಾಗ ನನ್ನ ಮೂರನೆಯ ಇಯತ್ತೆಯಲ್ಲಿ ಓದಿದವನು, ಈಗ ಅಣ್ಣನ ಚಾಳಿನಲ್ಲೇ ಇದ್ದು ನಮ್ಮ ಪಕ್ಷದ ಕೆಲಸ ನೋಡುವವನು. ಕುಂಡ್ರಿಸೇವಿ. ನಮ್ಮವರು ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ, ತಲೆಗೆ ರುಮಾಲು, ಕೂತ ಹಾಗೇ ಹೊತ್ತುಕೊಂಡು ಹೋಗಿ ಕೂತ ಹಾಗೇ ಮಣ್ಣಿಗೆ ಇಳಿಸುತ್ತಾರೆ, ಈಗ ಅಣ್ಣ ಶ್ರೀಮಂತ ಆ ಸಣ್ಣ ಖೋಲಿಯಲ್ಲಿ ಕೂತು ನನ್ನ ದಾರಿ ಕಾಯುತ್ತಿದ್ದಾನೆ. ಪಕ್ಕದಲ್ಲಿ ನನ್ನ ಕಾರ್ಯದರ್ಶಿ ಅನಿಲ, ಮುಲುಂಡಿನಲ್ಲಿ ಹುಟ್ಟಿ ಬೆಳೆದವನು, ಕನ್ನಡವನ್ನು ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರಂತೆ ಆಡುತ್ತಾನೆ, ಮೇಡಂ, ಶೋಕ್ ಸಂದೇಶ್ ಹೋಗಿ ಆಯ್ತು, ಹಿಂದಿ, ಇಂಗ್ಲಿಷ್ ದೋನೋ, ತುಂಬಲಾಗದ ನಷ್ಟ ಅಂತ ಹಾಕಿದ್ದೇವೆ, ಠೀಕ್ ಹೈ ನಾ? ಠೀಕ್ ಹೈ, ಅಂದೆ. ನಾನಿನ್ನೂ ಅತ್ತಿಲ್ಲ, ನನ್ನ ಆಫೀಸು ಆಗಲೇ ಅತ್ತು ಮುಗಿಸಿದೆ.

ಅಳಬೇಕು. ಬೇರೇನೂ ಬೇಡ ನನಗೆ ಈ ಹೊತ್ತು, ಅವನ ಎದುರಿಗೆ ಹೋಗಿ ಕೂತು ಒಮ್ಮೆ ಬಾಯಿ ತೆರೆದು ಅಳಬೇಕು. ನಮ್ಮ ಕಡೆ ಅಳುವುದೆಂದರೆ ಕರವಸ್ತ್ರದಿಂದ ಕಣ್ಣು ಒತ್ತಿಕೊಳ್ಳುವುದಲ್ಲ, ಹಾಡ್ಯಾಡಿ ಅಳುವುದು, ಸತ್ತವರ ಗುಣ ಒಂದೊಂದಾಗಿ ಎತ್ತಿ, ಅವರನ್ನೇ ಕರೆದು, ಅವರನ್ನೇ ಬಯ್ದು, ರಾಗ ತೆಗೆದು ಅಳುವುದು, ಅಣ್ಣ ಸತ್ತರೆ ತಂಗಿ ಬಂದು ಹಾಗೆ ಅತ್ತ ಮೇಲೆಯೇ ಹೆಣ ಎತ್ತಬೇಕು, ತಂಗಿಯ ದನಿ ಬೀಳದೆ ಮಣ್ಣಾದವನನ್ನು ದಿಕ್ಕಿಲ್ಲದವನು ಅನ್ನುತ್ತಾರೆ. ಅವ್ವ ನಾಗವ್ವ ಹೋದಾಗ ನಾನು ಭೀಮಾ ದಂಡೆಯ ನಮ್ಮೂರಿಗೆ ಹೋಗಿ ಅತ್ತದ್ದನ್ನು ಊರು ಇನ್ನೂ ಆಡಿಕೊಳ್ಳುತ್ತದೆ, ಅವ್ವ ಜೋಳದ ಹೊಲದಲ್ಲಿ ಬಾಗಿದ್ದು, ಅವ್ವ ಸಂಕ್ರಾಂತಿಗೆ ಬಳೆ ಇಡಿಸಿದ್ದು, ಅವ್ವ ನನ್ನ ಜಡೆ ಹಿಡಿದು ಎಳೆದದ್ದು, ಒಂದರ ಹಿಂದೆ ಒಂದು ತಾನಾಗಿ ಬಂದಿತ್ತು, ಯಾರೂ ಬರೆದುಕೊಟ್ಟಿರಲಿಲ್ಲ. ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ ಅಣ್ಣ ಅಂದ, ಮಾದೇವಿ, ನಾ ಸತ್ರೂ ಹಿಂಗಾ ಅಳಬೇಕ ನೋಡು, ಭಾಷಣಾ ಗೀಷಣಾ ಹಚ್ಚಬ್ಯಾಡ. ನಕ್ಕೆವು ಇಬ್ಬರೂ, ಅವ್ವ ಸತ್ತ ದಿನ, ಕಣ್ಣು ಊದಿಕೊಂಡಿರುವಾಗಲೇ. ಈಗ ಗಾಡಿಯಲ್ಲಿ ಕೂತು ತುಟಿಯಲ್ಲೇ ಹುಡುಕುತ್ತಿದ್ದೇನೆ, ಏನ ನನ್ನಪ್ಪಾ, ಏನ ನನ್ನಣ್ಣಾ, ಮುಂದಿನದು? ಮುಂದಿನದು ಬರುತ್ತಿಲ್ಲ, ಇಂದು ನಮ್ಮೊಂದಿಗಿಲ್ಲ ಎಂಬುದು ಬರುತ್ತದೆ, ಅವರ ಆದರ್ಶ ನಮಗೆ ದಾರಿದೀಪ ಎಂಬುದು ಬರುತ್ತದೆ, ಥೂ, ಎಷ್ಟು ಜನರ ಸಂತಾಪ ಸಭೆಯಲ್ಲಿ ಆಡಿ ಆಡಿ ಸವೆದ ಮಾತು, ಅಡಿಕೆ ಕತ್ತರಿಸುವವನಿಗೆ ಎಲ್ಲಿಯ ಆದರ್ಶ, ಅವನಿಗೆ ಗೊತ್ತಾದರೆ ಬಿದ್ದು ಬಿದ್ದು ನಗುತ್ತಾನೆ. ಅನಿಲ ನೀರಿನ ಬಾಟಲಿ ಕೊಡುತ್ತಾನೆ, ಕುಡಿಯುತ್ತೇನೆ.

ಈ ಊರಿಗೆ ನನ್ನನ್ನು ಕರೆತಂದವನೇ ಅವನು. ಪವಾಯಿಯ ಕೆರೆಯ ಸುತ್ತ ಬಿಲ್ಡಿಂಗುಗಳು ಏಳುತ್ತಿದ್ದ ಕಾಲ, ಅವನು ಗೌಂಡಿ, ಕೈಯ ಗೆರೆಗಳಲ್ಲೆಲ್ಲ ಸಿಮೆಂಟು, ನಾನು ವಿಜಯಪುರದಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿ ಮನೆಯಲ್ಲಿ ಕೂತವಳು, ಇಲ್ಲಿ ಮುನಸಿಪಾಲ್ಟಿ ಕನ್ನಡ ಸಾಲಿ ಅದಾವ, ಅಕ್ಕೋರು ಬೇಕಾಗ್ಯಾರಂತ, ಬಾ, ಅಂದ, ಬಂದೆ, ಘಾಟ್ಕೋಪರಿನ ಶಾಲೆ ಸೇರಿದೆ, ಸೇರಿದ ಮೇಲೆ ಗೊತ್ತಾಯಿತು ಇಲ್ಲಿ ಮಕ್ಕಳು ಶಾಲೆ ಹುಡುಕಿಕೊಂಡು ಬರುವುದಿಲ್ಲ, ಜೂನ್ ಬಂತೆಂದರೆ ಕನ್ನಡ ಶಾಲೆಯ ಮಾಸ್ತರರು, ಅಕ್ಕೋರುಗಳು ಚಾಳು ಚಾಳು ಅಲೆದು ಮಕ್ಕಳನ್ನು ಕೂಡಿಸಿ ತರಬೇಕು, ಮಕ್ಕಳು ಸಾಲದಿದ್ದರೆ ವರ್ಗ ಮುಚ್ಚಿತು, ಅಕ್ಕೋರು ಎತ್ತಲೋ ವರ್ಗವಾದಳು. ನನಗೆ ಓಣಿಯೂ ಗೊತ್ತಿಲ್ಲ, ಮರಾಠಿಯೂ ಗೊತ್ತಿಲ್ಲ, ಅಣ್ಣ ಭಾನುವಾರದ ಬಿಡುವು ಬಿಟ್ಟು ನನ್ನ ಮುಂದೆ ಮುಂದೆ ನಡೆದ, ಯಾವ ಕಟ್ಟಡದ ಬುಡದಲ್ಲಿ ಯಾವ ಊರಿನವರು ಬಿಡಾರ ಹೂಡಿದ್ದಾರೆ ಎಂಬುದು ಅವನಿಗೆ ಬಾಯಿಪಾಠ, ಏ ಯವ್ವಾ, ಮಗಳನ್ನ ಸಾಲಿಗಿ ಕಳಸ, ನಮ್ಮ ತಂಗಿ ಅಕ್ಕೋರ ಅದಾಳ, ಹೊಡ್ಯಾಂಗಿಲ್ಲ — ಅಂದು ನನ್ನ ಕಡೆ ತಿರುಗಿ ದನಿ ತಗ್ಗಿಸಿ, ಹೊಡೀಬ್ಯಾಡ ಮತ್ತ. ಹಾಗೆ ಅಲೆದ ಓಣಿಗಳೇ ಮುಂದೆ ನನ್ನ ರಾಜಕೀಯವಾದವು, ಮಗುವನ್ನು ಕರೆತರಲು ಹೋದವಳು ರೇಶನ್ ಕಾರ್ಡು ಮಾಡಿಸಿಕೊಟ್ಟೆ, ನಳ ಹಾಕಿಸಿದೆ, ಬಾಣಂತಿಯರನ್ನು ಆಸ್ಪತ್ರೆಗೆ ಸೇರಿಸಿದೆ, ಈ ಹೆಣ್ಣುಮಗಳಿಗೆ ಪ್ರತಿ ಮನೆಯ ಹೆಸರು ಗೊತ್ತಲ್ಲ ಎಂದು ಪಕ್ಷದವರ ಕಣ್ಣು ಬಿತ್ತು, ನಗರಸೇವಕಿಯಾದೆ, ಶಾಸಕಿಯಾದೆ, ದಿಲ್ಲಿಗೆ ಹೋದೆ, ಮಂತ್ರಿಯಾದೆ, ಹೇಳಲು ಒಂದು ಉಸಿರು ಸಾಕು, ಬದುಕಲು ಇಡೀ ಆಯುಷ್ಯ ಹಿಡಿಯಿತು. ಮೇಲೇರಿದ ಹಾಗೆಲ್ಲ ನನ್ನ ಹೆಸರು ಉದುರುತ್ತ ಬಂತು, ಅಕ್ಕೋರು, ತಾಈ, ಮೇಡಂ, ಮಾನನೀಯ ಮಂತ್ರೀಜಿ, ರುದ್ರವ್ವ ಕೂಡ ಯಾವಾಗಲೋ ನೀ ಬಿಟ್ಟು ನೀವು ಹಿಡಿದಳು, ಮಾದೇವಿ ಅನ್ನುವವನು ಅವನೊಬ್ಬನೇ ಉಳಿದಿದ್ದ. ಮತ್ತು ಅವನೊಬ್ಬನೇ ನನಗೆ ಎದ್ದು ನಿಲ್ಲುತ್ತಿರಲಿಲ್ಲ, ಸಭೆಯಲ್ಲಿ ಕಲೆಕ್ಟರು ಎದ್ದರೂ ಇವನು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿರುತ್ತಿದ್ದ, ಯಾರಾದರೂ ಮೊಣಕೈಯಿಂದ ತಿವಿದರೆ, ನಾ ಯಾಕ ಏಳ್ಲಿ, ನನ್ನ ಹೆಗಲ ಮ್ಯಾಲ ಉಚ್ಚಿ ಹೊಯ್ದಾಕಿ ಆಕಿ, ಎಂದು ಎಲ್ಲರಿಗೂ ಕೇಳುವಂತೆ. ನನಗೆ ಸಿಟ್ಟು ಬರುತ್ತಿತ್ತು, ಒಳಗೊಳಗೆ ಹಾಯೆನಿಸುತ್ತಿತ್ತು.

ಪ್ರತಿ ಪಂಚಮಿಗೆ ಕರೆಯುತ್ತಿದ್ದ. ಪಂಚಮಿಗೆ ಅಣ್ಣ ತಂಗಿಯನ್ನು ತವರಿಗೆ ಕರೆಯಬೇಕು, ಅವನ ಖೋಲಿಯೇ ನನ್ನ ತವರು, ಮಂಚ ಒಂದೇ, ಅದರ ಮೇಲೆ ನಾನು, ಕೆಳಗೆ ಅವರಿಬ್ಬರು, ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ದಿಲ್ಲಿಗೆ ಹೋದ ಮೇಲೆ ಒಮ್ಮೆಯೂ ಆಗಲಿಲ್ಲ, ಪಂಚಮಿ ಬರುವುದೇ ಮಳೆಗಾಲದ ಅಧಿವೇಶನದ ನಡುವೆ, ಈ ಸಲವೂ ಫೋನು ಮಾಡಿದ, ಬರ್ತೀ ಏನಬೇ, ನಿಮ್ಮತ್ತಿಗಿ ಉಂಡಿ ಕಟ್ಟ್ಯಾಳ, ನಿಮ್ಮ ದಿಲ್ಲ್ಯಾಗ ಉಂಡಿ ಸಿಗತಾವೋ ಇಲ್ಲಾ ಬರೇ ಮಾತಾ ಉಣ್ತೀರೋ? ಅಣ್ಣಾ, ಬಿಲ್ಲು ಮಂಡನೆ ಇದೆ, ಮುಗಿಸಿಕೊಂಡು ಬರುತ್ತೇನೆ, ಅಂದೆ ನಾನು, ಗ್ರಂಥದ ಕನ್ನಡದಲ್ಲಿ, ಪಕ್ಕದಲ್ಲಿ ಅಧಿಕಾರಿಗಳಿದ್ದರು. ಆತು, ನಿಂದ ಮುಗಿಲಿ, ಅಂದ. ಅವನದು ಮುಗಿಯಿತು. ಮುಗಿಯುವಾಗ ನಾನು ಏನು ಮಾಡುತ್ತಿದ್ದೆ, ಚಹಾ ಕುಡಿಯುತ್ತಿದ್ದೆನೇ, ನಾನೂ ಚಹಾ ಕುಡಿಯುತ್ತಿದ್ದೆನೇ, ನೆನಪಾಗುತ್ತಿಲ್ಲ, ಅಣ್ಣನ ಉಸಿರು ನಿಂತಾಗ ತಂಗಿಗೆ ಏನೂ ಆಗಲಿಲ್ಲವಲ್ಲ, ಒಂದು ಬಿಕ್ಕಳಿಕೆಯೂ ಬರಲಿಲ್ಲ. ದುಃಖವಾಗುತ್ತಿದೆ, ಎದೆಯೊಳಗೆ ಕಲ್ಲು ಕೂತ ಹಾಗಿದೆ, ಆದರೆ ಅದು ಮೇಲೆ ಬರುತ್ತಿಲ್ಲ. ಶರಣಬಸಪ್ಪನ ಫೋನು ಮತ್ತೆ, ಅಕ್ಕೋರ, ಎಲ್ಲಿ ತನಾ ಬಂದ್ರಿ, ಹೊತ್ತ ಮುಣುಗೂದ್ರಾಗ ಮಣ್ಣ ಮಾಡಬೇಕ್ರಿ, ಅಯ್ಯನೋರು ಅವಸರ ಮಾಡಾಕ ಹತ್ಯಾರ. ಬಂದೆ, ಬಂದೆ ಅನ್ನುತ್ತೇನೆ, ಕುರ್ಲಾ ಸ್ಟೇಶನ್ನಿನ ಮೇಲ್ಸೇತುವೆ ಕಾಣುತ್ತಿದೆ, ಲೋಕಲ್ಲು ಬಂದು ಜನ ಸುರಿಯುತ್ತಿದ್ದಾರೆ, ಯಾರಿಗೂ ಗೊತ್ತಿಲ್ಲ ಶ್ರೀಮಂತ ಸತ್ತದ್ದು.

ಗಾಡಿ ನಿಂತಿತು. ಓಣಿಯ ಬಾಯಿಗೆ ಬ್ಯಾನರು ಕಟ್ಟಿದ್ದಾರೆ, ಅಣ್ಣನ ಫೋಟೋ ಸಣ್ಣದು, ನನ್ನದು ದೊಡ್ಡದು, ಇಳಿದ ಕೂಡಲೇ ಯಾರೋ ರೂಢಿಯ ಮೇಲೆ ಮಹಾದೇವಿ ತಾಈ ಎಂದು ಕೂಗಿದ, ಇನ್ನೊಬ್ಬ ಆಗೇ ಬಢೋ ಎಂದು ಘೋಷಣೆ ಪೂರ್ತಿ ಮಾಡುವಷ್ಟರಲ್ಲಿ ಶರಣಬಸಪ್ಪ ಓಡಿಹೋಗಿ ಬಾಯಿ ಮುಚ್ಚಿಸಿದ, ನಡೆಯುತ್ತೇನೆ, ಕೈಗಳು ತಾವಾಗಿಯೇ ಎಡಕ್ಕೆ ಬಲಕ್ಕೆ ಮುಗಿಯುತ್ತಿವೆ, ಒಳಗಿನಿಂದ ದನಿ ಕೇಳಿಸುತ್ತದೆ, ಹೆಂಗಸರ ದನಿ, ಅದರ ಮೇಲೆ ರುದ್ರವ್ವನದು, ಏನ ನನ್ನ ದೊರೀ, ಚಹಾದ ಕಪ್ಪ ಇಟ್ಟ ಎಲ್ಲಿಗಿ ನಡದ್ಯೋ, ತಂಗಿ ಬರೂತನಾ ತಡಿಲಿಲ್ಲಲ್ಲೋ — ಅದೇ, ಅದೇ ರಾಗ, ಅವ್ವನಿಗೆ ಅತ್ತದ್ದು, ಬಂತು, ಎದೆಯ ಕಲ್ಲು ಕದಲಿತು, ಗಂಟಲಿಗೆ ಬಂತು, ಏನ ನನ್ನಣ್ಣಾ, ಸಿಮೆಂಟಿನ ಕೈಯಾಂವ, ನನ್ನ ಸಲುವಾಗಿ ಬಿಸಲಾಗ ತಿರಗ್ಯಾಂವ — ಬರುತ್ತಿದೆ, ಇನ್ನೊಂದು ಹೆಜ್ಜೆ, ಹೊಸ್ತಿಲು — ಅಕ್ಕೋರ ಬಂದ್ರು, ಅಂದಿತು ಯಾವುದೋ ದನಿ. ಅಷ್ಟೇ. ಅಳು ನಿಂತಿತು. ಹೆಂಗಸರು ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು, ಪೂಜೆಗೆ ಕೂತಿದ್ದ ಅಯ್ಯನವರು ಎದ್ದರು, ಗಂಡನ ಮಗ್ಗುಲಲ್ಲಿ ಕೂತಿದ್ದ ರುದ್ರವ್ವ ಗೋಡೆ ಹಿಡಿದು ನನಗೆ ಎದ್ದು ನಿಂತಳು, ಬ್ಯಾಡ ಅತ್ತಿಗಿ, ಕುಂಡ್ರು, ಅಳ್ರೆವ್ವಾ, ಯಾಕ ನಿಲ್ಲಿಸಿದ್ರಿ, ಅನ್ನಬೇಕು, ಬಾಯಿ ಏಳುತ್ತಿಲ್ಲ, ಇಡೀ ಖೋಲಿ ನಿಂತಿದೆ, ಅಣ್ಣ ಮಾತ್ರ ಕೂತಿದ್ದಾನೆ. ನೀವಾ ಸುರು ಮಾಡ್ರಿ ಅಕ್ಕೋರ, ನಿಮ್ಮ ಸಲುವಾಗಿ ಕುಂತಾನ, ಅನ್ನುತ್ತಾಳೆ ರುದ್ರವ್ವ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ, ಸಭೆಯಲ್ಲಿ ದೀಪ ಹಚ್ಚುವವರಿಗೆ ಕಾಯುವ ಹಾಗೆ, ಶರಣಬಸಪ್ಪ ಕೈಗೆ ಹಾರ ಕೊಟ್ಟ, ಒದ್ದೆ ಹಾರ, ಬಾಗಿದೆ, ಮುಖದ ಹತ್ತಿರ ಮುಖ, ವಿಭೂತಿಯ ಕೆಳಗೆ ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಉದ್ದ ಬೆಳೆದಿದೆ, ಅಣ್ಣಾ, ಈಗ ಬರುತ್ತದೆ, ಈಗ ಬಾಯಿ ತೆರೆಯುತ್ತೇನೆ, ತೆರೆದೆ —

ಮೇಡಂ, ಇಧರ್. ಬಾಗಿಲಲ್ಲಿ ಮೊಬೈಲುಗಳು ಎದ್ದಿವೆ. ಕತ್ತು ತಿರುಗಿತು, ಫೋಟೋಗೆ ಕತ್ತು ತಿರುಗಿದರೆ ತುಟಿ ಅಗಲುತ್ತದೆ, ಅದು ನನ್ನ ಕೈಯಲ್ಲಿಲ್ಲ, ಎಷ್ಟೋ ವರ್ಷಗಳಿಂದ ಇಲ್ಲ, ಕಣ್ಣು ಕುಕ್ಕುವ ಬೆಳಕಿಗೆ ಬಾಯಿ ಅರಳುತ್ತದೆ, ಹಲ್ಲು ಕಾಣುವಷ್ಟು, ಕೆನ್ನೆ ಗುಳಿ ಬೀಳುವಷ್ಟು, ಹಾರ ಎದೆಯ ಎತ್ತರಕ್ಕೆ, ಹೇಗೆ ಹಿಡಿಯಬೇಕೋ ಹಾಗೆ, ನಾನು ನಗುತ್ತಿದ್ದೇನೆ. ರುದ್ರವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ. ಅವಳ ಸೆರಗು ಮೆಲ್ಲಗೆ ಮೇಲೇರಿ ಅವಳ ಮುಖ ಮುಚ್ಚಿತು. ಮುಚ್ಚು, ಬಾಯಿ ಮುಚ್ಚು ಮಾದೇವಿ, ಇನ್ನೊಂದು ಮೊಬೈಲು ಏಳುತ್ತಿದೆ, ತುಟಿ ಕೂಡುತ್ತಿಲ್ಲ, ಅಣ್ಣ ಕೂತಿದ್ದಾನೆ, ಪಕ್ಕದಲ್ಲಿ ನಾನು ಹಾರ ಹಿಡಿದು ನಗುತ್ತಿದ್ದೇನೆ, ಅಣ್ಣ ಕೂತಿದ್ದಾನೆ, ನಾನು ನಗುತ್ತಿದ್ದೇನೆ, ಅಣ್ಣ ಕೂತಿದ್ದಾನೆ, ನಾನು ನಗುತ್ತಿದ್ದೇನೆ