ಮೊದಲು ನಿಂತದ್ದು ಯಾವುದು

ಹೊಸ ಬ್ಯಾಟರಿಗೆ ಒಂದು ತಿಂಗಳ ಮನೆಖರ್ಚು ಹೋಗಿತ್ತು. ಪ್ಲಗ್ಗು, ಕಾಯಿಲು, ವೈರು ಎಂದು ಇನ್ನರ್ಧ ತಿಂಗಳಿನದು. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗಂತೂ ಅಕ್ಕ ಕಷ್ಟಕಾಲಕ್ಕೆಂದು ಕೂಡಿಟ್ಟ ಖಾತೆಗೇ ಕೈ ಹಾಕಿದ್ದಳು. ಇಷ್ಟೆಲ್ಲ ಸುರಿದ ಮೇಲೂ ಕೀಲಿ ತಿರುಗಿಸಿದರೆ ಎಂಜಿನ್ ಗಿರ್ರ್ ಗಿರ್ರ್ ಎಂದು ಸುತ್ತುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಎರಡೇ ಬಾಗಿಲಿನ ಆ ಹಳೆಯ ಸ್ಪೋರ್ಟ್ಸ್ ಕಾರು ಓಡಿದರೆ ಒಳ್ಳೆಯ ಬೆಲೆ ಕೊಡುವವರಿದ್ದರು. ಓಡದಿದ್ದರೆ ಗುಜರಿಯವನು ತೂಕಕ್ಕೆ ಹಾಕಿಕೊಳ್ಳುತ್ತಿದ್ದ.

ಎರಡು ಗ್ಯಾರೇಜು ಸುತ್ತಿ, ಕೊನೆಗೆ ಅದು ತಮ್ಮನ ಶೆಡ್ಡಿಗೆ ಬಂತು. ಮೊದಲೇ ಬರಬೇಕಾದದ್ದು ಅಲ್ಲಿಗೆ. ಆದರೆ ಭಾವ ತೀರಿಕೊಂಡಂದಿನಿಂದ ಅಕ್ಕ ತಮ್ಮನ ಮುಖ ನೋಡಿರಲಿಲ್ಲ.

ಭಾವ ಸತ್ತದ್ದು ಆ ಕಾರಿನಲ್ಲೇ. ಊರ ಹೊರಗಿನ ರಸ್ತೆಯಲ್ಲಿ ಕಾರು ಅಂಚಿಗೆ ಒರಗಿ ನಿಂತಿತ್ತು. ಅವರು ಸೀಟಿನಲ್ಲೇ ಇದ್ದರು. ಹೃದಯ ನಿಂತಿದೆ, ಒಂದು ಕ್ಷಣದ ಮಾತು ಎಂದರು ಡಾಕ್ಟರು. ನೋಡಿದವರು ಬೇರೆಯೇ ಹೇಳಿದರು. ಪಾಪ, ಕಾರು ಕೆಟ್ಟಿದೆ, ಎದೆನೋವಲ್ಲಿ ಯಾರಾದರೂ ಬರಲಿ ಅಂತ ಕಾಯುತ್ತ ಕೂತಿದ್ದಾರೆ. ಆಸ್ಪತ್ರೆ ಅಲ್ಲಿಂದ ಕೂಗಳತೆಯಲ್ಲಿತ್ತು. ಹಿಂದಿನ ವಾರವಷ್ಟೇ ಆ ಕಾರಿಗೆ ಪಂಪು ಹಾಕಿದ್ದವನು ತಮ್ಮ. ಮೊದಲ ಗ್ಯಾರೇಜಿನವನು ಅದನ್ನು ಕಿತ್ತು ಅಕ್ಕನ ಕೈಗಿಟ್ಟು, "ಯಾರಮ್ಮ ಇದನ್ನ ಹಾಕಿದ್ದು? ಸುಟ್ಟೇ ಹೋಗಿದೆ" ಎಂದಿದ್ದ. ಅವಳಿಗೆ ಅಷ್ಟು ಸಾಕಾಯಿತು.

"ಇಲ್ಲಿಗೆ ಬರೋ ಆಸೆ ನನಗೇನಿರ್ಲಿಲ್ಲ," ಎಂದಳು ಅಕ್ಕ, ಶೆಡ್ಡಿನ ಬಾಗಿಲಲ್ಲೇ ನಿಂತು. "ಇನ್ಯಾರೂ ಉಳಿದಿಲ್ಲ, ಅದಕ್ಕೆ ಬಂದೆ."

"ಕೂತ್ಕೊ ಅಕ್ಕ."

"ಕೂರೋಕೆ ಬಂದಿಲ್ಲ. ಏನೇನು ಬಿಚ್ತೀಯೋ ನನ್ನ ಕಣ್ಮುಂದೆ ಬಿಚ್ಚು."

ಅವಳು ಚೀಲದಿಂದ ಕಾಗದದ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಆ ಪಂಪು.

"ಗುರುತು ಸಿಕ್ತಾ? ನಿನ್ನ ಕೈಗುಣ."

ತಮ್ಮ ಅದನ್ನು ಕೈಗೆತ್ತಿಕೊಂಡ. ಈ ತಿಂಗಳುಗಳಲ್ಲಿ ಅವನು ಯಾವ ಕಾರಿಗೂ ಪಂಪು ಹಾಕಿರಲಿಲ್ಲ. ಆ ಕೆಲಸ ಬಂದರೆ ಬೇರೆಯವರ ವಿಳಾಸ ಕೊಟ್ಟು ಸಾಗಹಾಕುತ್ತಿದ್ದ. ಅವತ್ತು ಏನಾಯಿತೆಂದು ಅವನಿಗೂ ಗೊತ್ತಿರಲಿಲ್ಲ. ತಾನು ಬಿಗಿ ಮಾಡಿದ ಒಂದು ಜೋಡಣೆ ಸಡಿಲವಾಗಿ ಭಾವನ ಪ್ರಾಣ ಹೋಯಿತೋ ಏನೋ, ಅದು ಅವನಿಗೆ ಗೊತ್ತಾಗಬೇಕಾಗಿತ್ತು. ಗೊತ್ತಾಗುವುದೆಂದರೆ ಹೆದರಿಕೆಯೂ ಇತ್ತು.

ಪಂಪನ್ನು ಶೆಡ್ಡಿನ ಹೊರಗೆ ಒಯ್ದು, ಬ್ಯಾಟರಿಯಿಂದ ಎರಡು ವೈರು ಎಳೆದು ಮುಟ್ಟಿಸಿದ. ಪಂಪು ಗುಂಯ್ ಎಂದು ತಿರುಗಿತು.

"ಸುಟ್ಟಿಲ್ಲ ಅಕ್ಕ. ಚೆನ್ನಾಗೇ ಇದೆ."

"ಈಗ ತಿರುಗತ್ತೆ. ಅವತ್ತು ತಿರುಗ್ಲಿಲ್ಲವಲ್ಲ."

ಆ ಮಾತೂ ನಿಜವಿರಬಹುದಿತ್ತು. ಬಿಸಿಯಾದಾಗ ಹಿಡಿದುಕೊಂಡು, ತಣ್ಣಗಾದ ಮೇಲೆ ಏನೂ ಆಗದ ಹಾಗೆ ತಿರುಗುವ ಪಂಪುಗಳನ್ನು ಅವನು ಬೇಕಾದಷ್ಟು ಕಂಡಿದ್ದ.

"ಒಳಗೆ ಕೂತು ಕೀಲಿ ತಿರುಗಿಸೋಕೆ ಒಬ್ಬರು ಬೇಕು," ಎಂದ. "ಪಕ್ಕದ ಅಂಗಡಿಯವರನ್ನ ಕರೀತೀನಿ."

ಅಕ್ಕ ಆ ಸೀಟನ್ನು ನೋಡಿದಳು. ಅವತ್ತಿನಿಂದ ಅವಳು ಅದರ ಹತ್ತಿರ ಹೋಗಿರಲಿಲ್ಲ. "ಯಾರೂ ಬೇಡ," ಎಂದು ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ಒಳಗಿಳಿದಳು. "ಬಾವಿಗೆ ಇಳಿದ ಹಾಗಿದೆ. ಈ ಮನುಷ್ಯ ಇದರೊಳಗೆ ಏನು ಸುಖ ಕಂಡ್ರೋ."

ಭಾವನ ಉದ್ದ ಕಾಲಿಗೆಂದು ಸೀಟು ಹಿಂದಕ್ಕೇ ಇತ್ತು. ಅವಳ ಕಾಲಿಗೆ ಪೆಡಲು ಎಟುಕುತ್ತಿರಲಿಲ್ಲ. ಸೀಟು ಮುಂದಕ್ಕೆ ಎಳೆಯುವುದು ಹೇಗೆಂದು ತಮ್ಮ ತೋರಿಸಲು ಬಂದ. "ಅದು ಹಾಗೇ ಇರಲಿ," ಎಂದು ಅಂಚಿಗೆ ಜರುಗಿ, ತುದಿಗಾಲಲ್ಲಿ ಕ್ಲಚ್ ಒತ್ತಿದಳು.

ಎಂಜಿನ್ ಸುತ್ತಿತು. ಪ್ಲಗ್ಗಿನಲ್ಲಿ ಕಿಡಿ ನೀಲಿಯಾಗಿ, ಗಟ್ಟಿಯಾಗಿ ಹಾರಿತು. ಹಾಗಾದರೆ ಬೆಂಕಿಗೆ ಕೊರತೆಯಿಲ್ಲ, ಪೆಟ್ರೋಲೇ ಬರುತ್ತಿಲ್ಲ.

"ಕೀಲಿ ಅರ್ಧ ಮಾತ್ರ ತಿರುಗ್ಸು. ಹಿಂದೆ ಗುಂಯ್ ಅನ್ನತ್ತಾ ಕೇಳು."

ಅಕ್ಕ ಕಣ್ಣು ಮುಚ್ಚಿ ಕೇಳಿದಳು. "ಏನೂ ಇಲ್ಲ."

ತಮ್ಮ ಕಾರಿನಡಿ ನುಸುಳಿ ಪಂಪಿನ ವೈರಿಗೆ ಪರೀಕ್ಷೆಯ ದೀಪ ಹಿಡಿದ. ದೀಪ ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಲು ಹೇಳಿದ, ಹತ್ತಲಿಲ್ಲ. ಪಂಪು ಬದಲಾಯಿತು, ಅದಕ್ಕೆ ಕರೆಂಟ್ ಬರುತ್ತಿದೆಯೇ ಎಂದು ಎರಡು ಗ್ಯಾರೇಜಿನವರಲ್ಲಿ ಒಬ್ಬನೂ ನೋಡಿರಲಿಲ್ಲ. ಫ್ಯೂಸು ಸರಿಯಿತ್ತು. ಅಲ್ಲಿಂದ ಮುಂದೆ ಉಳಿದದ್ದು ಒಂದೇ ಜಾಗ.

ಅವನು ಅಕ್ಕನ ಕಾಲ ಬಳಿ ಬಗ್ಗಿ, ಬಾಗಿಲ ಪಕ್ಕದ ಸಣ್ಣ ಮುಚ್ಚಳ ಬಿಚ್ಚಿದ. ಒಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರ ತಲೆಯ ಮೇಲೊಂದು ಗುಂಡಿ. ಗುಂಡಿ ಮೇಲೆದ್ದಿತ್ತು. ಒತ್ತಲು ಹೋದ ಹೆಬ್ಬೆರಳನ್ನು ಅವನು ಹಿಂದಕ್ಕೆ ತೆಗೆದುಕೊಂಡ. ಯಾವ ಗಿರಾಕಿಗೇ ಆಗಲಿ, ದೋಷವನ್ನು ತೋರಿಸದೆ ಸರಿಮಾಡುವ ರೂಢಿ ಅವನಿಗಿರಲಿಲ್ಲ.

"ಅಕ್ಕ, ಇದನ್ನ ನೀನು ಮೊದಲು ನೋಡು. ಗುಂಡಿ ಮೇಲಿದೆ ಅಲ್ವಾ?"

"ಇದೆ. ಏನದು?"

"ಕಾರು ಎಲ್ಲಿಗಾದ್ರೂ ಗುದ್ದಿದ್ರೆ ಇದು ಎದ್ದು ಪೆಟ್ರೋಲ್ ನಿಲ್ಲಿಸತ್ತೆ. ಬೆಂಕಿ ಹತ್ತಬಾರದು ಅಂತ ಇಟ್ಟಿರೋದು. ಗುದ್ದಿದೆ ಅಂತ ಯಾರೂ ಹೇಳಿಲ್ಲ, ಹಾಗಾಗಿ ಇದನ್ನ ಯಾರೂ ನೋಡಿಲ್ಲ. ನನಗೂ ಈಗಲೇ ಹೊಳೆದಿದ್ದು."

"ಎಲ್ಲಿಗೆ ಗುದ್ದಿದ್ದು?"

ತಮ್ಮ ಟಾರ್ಚು ಹಿಡಿದು ಮುಂದಿನ ಚಕ್ರಗಳ ಹಿಂಬದಿಗೆ ತಲೆ ತೂರಿಸಿದ. ರಸ್ತೆಯಂಚಿನ ಕಡೆಯ ಚಕ್ರದ ರಿಮ್ಮು ಒಳಗಡೆ ಬಗ್ಗಿತ್ತು. ಬಗ್ಗಿದ ಜಾಗದಲ್ಲಿ ಅಂಚುಗಲ್ಲಿನ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಪಂಪು ಹಾಕುವಾಗ ಆ ಚಕ್ರಗಳನ್ನು ಅವನೇ ಕಳಚಿ ಒರೆಸಿದ್ದ. ಆಗ ಈ ಗಾಯ ಇರಲಿಲ್ಲ. ಅಕ್ಕ ಇಳಿದು ಬಂದು ನೆಲಕ್ಕೆ ಕೂತು ನೋಡಿದಳು. ಬೆರಳಿಂದ ಮುಟ್ಟಿಯೂ ನೋಡಿದಳು.

"ಕಾರು ಕೆಟ್ಟು, ಹಾಗೇ ಉರುಳ್ಕೊಂಡು ಹೋಗಿ ಗುದ್ದಿರಬಹುದಲ್ಲ?"

ಅಕ್ಕ ಸುಲಭಕ್ಕೆ ಸೋಲುವವಳಲ್ಲ. ತಮ್ಮನೂ ಅದನ್ನೇ ಯೋಚಿಸುತ್ತಿದ್ದ. "ಇರಬಹುದು," ಎಂದ. "ಎಳ್ಕೊಂಡು ಬಂದವರು ಏನಾದ್ರೂ ಹೇಳಿದ್ರಾ?"

"ಏನು ಹೇಳ್ತಾರೆ? ಚಕ್ರ ತಿರುಗ್ತಿಲ್ಲ, ಗೇರಲ್ಲೇ ಬಿಟ್ಟಿದ್ದಾರೆ, ನಾಲ್ಕನೇ ಗೇರಲ್ಲಿ, ಅಂತ ಗೊಣಗಿದ್ರು."

ಹೇಳಿದವಳಿಗೆ ತನ್ನ ಮಾತೇ ವಿಚಿತ್ರವಾಗಿ ಕೇಳಿಸಿತು. ಆಮೇಲೆ ನಿಧಾನವಾಗಿ, "ಅವರು ಸಿಗ್ನಲ್ಲಲ್ಲಿ ಕೂಡ ನ್ಯೂಟ್ರಲ್ ಮಾಡ್ದೆ ಇರ್ತಿರ್ಲಿಲ್ಲ ಕಣೋ. ಎಷ್ಟು ಸಲ ಬೈದಿದೀನಿ, ಸುಮ್ನೆ ಕೂತ್ಕೊಳ್ಳಿ, ಕೈ ತುರಿಸತ್ತಾ ಅಂತ," ಎಂದಳು.

"ಎಂಜಿನ್ ಕೈಕೊಟ್ಟಿದ್ರೆ ಭಾವ ಮೊದಲು ಗೇರ್ ತೆಗೀತಿದ್ರು. ನಾಲ್ಕನೇ ಗೇರಲ್ಲಿ ಕಾರು ಓಡ್ತಾನೇ ಇತ್ತು ಅಕ್ಕ. ಅವರು ಮೊದಲು ಹೋದ್ರು. ಆಮೇಲೆ ಅದು ಗುದ್ದಿ ನಿಂತಿದೆ."

ಅಕ್ಕ ಚಕ್ರಕ್ಕೆ ಒರಗಿ ನೆಲದ ಮೇಲೇ ಕೂತಿದ್ದಳು. ಸೀರೆಗೆ ಗ್ರೀಸು ಹತ್ತಿದ್ದು ಅವಳಿಗೆ ಕಾಣಲಿಲ್ಲ.

"ಹಾಗಾದ್ರೆ ಕಾಯ್ತಾ ಕೂತಿರ್ಲಿಲ್ವಾ?"

"ಇಲ್ಲ."

"ಹಿಂದಿನ ದಿನ ಜಗಳ ಆಡಿದ್ವಿ," ಎಂದಳು. "ಈ ಕಾರಿಗೆ ಸುರಿಯೋ ದುಡ್ಡಿಗೇ. ಅಷ್ಟು ಹೊತ್ತು ನೋವಲ್ಲಿ ಕೂತಿದ್ರೂ ನನಗೊಂದು ಫೋನ್ ಮಾಡ್ಲಿಲ್ವಲ್ಲ, ಅಷ್ಟು ಕೋಪ ಇತ್ತಾ ಅಂತ... ಯಾರ ಹತ್ರ ಕೇಳಲಿ ಅದನ್ನ? ನಿನ್ನನ್ನ ಬೈಯ್ತಿದ್ರೆ ಅಷ್ಟು ಹೊತ್ತು ಅದು ನೆನಪಾಗ್ತಿರ್ಲಿಲ್ಲ."

ತಮ್ಮ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. "ಇನ್ನೂ ನಾಲ್ಕು ಬೈ," ಎಂದ. ಅವಳು ಅಳುತ್ತಲೇ ಅವನ ತೋಳಿಗೊಂದು ಏಟು ಹಾಕಿದಳು.

ಆಮೇಲೆ ಅವನು ಗುಂಡಿ ಒತ್ತಿದ. ಹಿಂದೆ ಪಂಪು ಗುಂಯ್ ಎಂದಿತು. ಅಕ್ಕನೇ ಮತ್ತೆ ಒಳಗಿಳಿದು ಕೀಲಿ ತಿರುಗಿಸಿದಳು. ಎಂಜಿನ್ ಎರಡು ಸುತ್ತು ಕೆಮ್ಮಿ ಹತ್ತಿಕೊಂಡಿತು. ಇಬ್ಬರೂ ಅದು ಬಿಸಿಯಾಗುವವರೆಗೆ ಆ ಸದ್ದು ಕೇಳಿದರು.

ಮುಂದಿನ ವಾರ ಕಾರು ಒಳ್ಳೆಯ ಬೆಲೆಗೇ ಹೋಯಿತು. ಬೇಕಿಲ್ಲದ ಬ್ಯಾಟರಿ, ಪ್ಲಗ್ಗು, ಪಂಪಿಗೆ ಹಾಕಿದ ದುಡ್ಡು ಅದರಲ್ಲಿ ಪೂರ್ತಿ ಹುಟ್ಟಲಿಲ್ಲ. ಅಕ್ಕ ತಮ್ಮ ಮಾತುಬಿಟ್ಟು ಕಳೆದ ತಿಂಗಳುಗಳೂ ಮರಳಿ ಬರಲಿಲ್ಲ. ತಮ್ಮ ಮತ್ತೆ ಪಂಪಿನ ಕೆಲಸ ಹಿಡಿದ. ಗಂಡ ತನ್ನ ಮೇಲೆ ಮುನಿಸಿಕೊಂಡೇ ಪ್ರಾಣ ಬಿಟ್ಟರು ಎಂದು ಅಕ್ಕ ಆಮೇಲೆ ಯಾವತ್ತೂ ಅಂದುಕೊಳ್ಳಲಿಲ್ಲ.